ಎತ್ತಿಗೆ ಜ್ವರ, ಎಮ್ಮೆಗೆ ಬರೆ

"ಗಾಡಿ ಓಡುತ್ತಿದೆಯಲ್ಲ, ಈಗೇಕೆ ಬಿಚ್ಚಬೇಕು?"

ಕೂಕಟ್‌ಪಲ್ಲಿಯ ಬಾಡಿಗೆ ಗಾಡಿಗಳ ಮಾಲೀಕರ ಬಾಯಲ್ಲಿ ಈ ಮಾತು ಮಂತ್ರದಂತೆ ನೆಲೆಸಿದೆ. ಚಾಲಕ ಹೋಗಿ, "ಯಜಮಾನರೇ, ಟೈಮಿಂಗ್ ಬೆಲ್ಟಿನ ಅವಧಿ ಮುಗಿದಿದೆ, ಹಾಕಿಸಿಬಿಡಿ" ಎಂದು ಕೇಳಿದರೆ ಮೊದಲ ತಿಂಗಳು ಈ ಮಂತ್ರ. ಎರಡನೆಯ ತಿಂಗಳು "ಹಬ್ಬ ಕಳೆಯಲಿ". ಮೂರನೆಯ ತಿಂಗಳು "ಬೇಡವಾದರೆ ಕೀಲಿಕೈ ಇಟ್ಟು ಹೋಗು, ನಾಳೆ ಇನ್ನೊಬ್ಬ ಬರುತ್ತಾನೆ". ನಾಲ್ಕನೆಯ ತಿಂಗಳು ಪಟಾನ್‌ಚೆರು ದಾಟಿದ ಮೇಲೋ ಸದಾಶಿವಪೇಟೆಯ ಹತ್ತಿರವೋ ಬೆಲ್ಟ್ ಕಡಿಯುತ್ತದೆ. ಆಗ ಅದೇ ಮಾಲೀಕರು ಕೇಳುವ ಪ್ರಶ್ನೆ: "ನೀನು ಹೇಗೆ ಓಡಿಸಿದೆ?"

ನಾವು ಈ ಲೇಖನ ಬರೆಯುತ್ತಿರುವುದು ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿ.

ಓದುಗ ಬಂಧುಗಳಲ್ಲಿ ಹೆಚ್ಚಿನವರು ಹೋಟೆಲಿನವರು, ಗಿರಣಿಯವರು. ಮೋಟಾರಿನ ಮಾತು ನಮಗೇಕೆ ಎಂದು ಪುಟ ತಿರುವಬೇಡಿರಿ. ಕಲಬುರಗಿಯ ಎಂ.ಎಸ್.ಕೆ. ಮಿಲ್ಲು ಮುಚ್ಚಿತು, ಇಲ್ಲಿ ಹೈದರಾಬಾದಿನ ಡಿ.ಬಿ.ಆರ್. ಮಿಲ್ಲೂ ಮುಚ್ಚಿತು. ಮುಚ್ಚಿದ ಗಿರಣಿಗಳ ಮಕ್ಕಳು ಏನಾದರು? ಕೆಲವರು ಹೋಟೆಲುಗಳ ಒಲೆಯ ಮುಂದೆ ನಿಂತರು, ಕೆಲವರು ಸ್ಟೀರಿಂಗ್ ಹಿಡಿದರು. 1956ರ ವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಗಡಿ ಬದಲಾದರೂ ಅನ್ನದ ದಾರಿ ಬದಲಾಗಲಿಲ್ಲ. ಇಂದು ಒಂದೇ ಕೋಣೆಯಲ್ಲಿ ಮಲಗುವ ನಾಲ್ವರಲ್ಲಿ ಇಬ್ಬರು ಸಪ್ಲೈಯರು, ಒಬ್ಬ ಅಡಿಗೆಯವ, ಒಬ್ಬ ಹೈಟೆಕ್ ಸಿಟಿಯ ಕಂಪನಿಗಳಿಗೆ ರಾತ್ರಿ ಪಾಳಿಯವರನ್ನು ಮುಟ್ಟಿಸುವ ಚಾಲಕ. ಆ ನಾಲ್ಕನೆಯವನ ಗಾಡಿ ನಿಂತರೆ ಕೋಣೆಯ ಬಾಡಿಗೆಯಲ್ಲಿ ಅವನ ಪಾಲು ಉಳಿದ ಮೂವರ ತಲೆಯ ಮೇಲೆ ಬೀಳುತ್ತದೆ. ಹಾಗಿರುವಾಗ ಇದು ನಮ್ಮೆಲ್ಲರ ಮಾತು.

ಮೊದಲು ಈ ಬೆಲ್ಟ್ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಮಾಲೀಕರು ನಮ್ಮವರನ್ನು ಯಾಮಾರಿಸುವುದು ಈ ಅಜ್ಞಾನದ ಬಲದಿಂದಲೇ.

ಬೆಲ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೋಟೆಲಿನ ಗ್ರೈಂಡರಿನ ಬೆಲ್ಟು, ಹಳೆಯ ಗಿರಣಿಯಲ್ಲಿ ಚಾವಣಿಯ ಶಾಫ್ಟಿನಿಂದ ಇಳಿದು ಬರುತ್ತಿದ್ದ ಚರ್ಮದ ಪಟ್ಟಾ. ಗ್ರೈಂಡರಿನ ಬೆಲ್ಟು ಸವೆದರೆ ಕಿರ್ ಎಂದು ಕೂಗುತ್ತದೆ, ಜಾರುತ್ತದೆ, ಕಡೆಗೆ ಕಡಿಯುತ್ತದೆ. ಕಡಿದರೆ ಹಿಟ್ಟು ಅರ್ಧ ರುಬ್ಬಿ ನಿಂತಿತು, ಅಷ್ಟೇ. ಹೊಸದು ತಂದು ಹಾಕಿದರೆ ಮತ್ತೆ ತಿರುಗುತ್ತದೆ. "ಹೋದರೆ ಹಾಕಿಸೋಣ" ಎಂಬ ಮಾಲೀಕರ ವಾದ ಈ ಬೆಲ್ಟಿಗೆ ಒಪ್ಪುವ ವಾದ. ಟೈಮಿಂಗ್ ಬೆಲ್ಟಿಗೆ ಒಪ್ಪುವುದಿಲ್ಲ.

ಟೈಮಿಂಗ್ ಬೆಲ್ಟಿನ ಕೆಲಸವನ್ನು ನಮ್ಮ ಗಿರಣಿಯ ಬಂಧುಗಳು ಬೇರೆಯವರಿಗಿಂತ ಬೇಗ ಅರಿಯಬಲ್ಲರು. ಮಗ್ಗದಲ್ಲಿ ಹಾಸು ನೂಲು ಬಾಯಿ ತೆರೆದ ಕ್ಷಣದಲ್ಲಿಯೇ ಲಾಳಿ ಹಾಯಬೇಕು. ಬಾಯಿ ಮುಚ್ಚಿಕೊಳ್ಳುವಾಗ ಲಾಳಿ ಹೊರಟರೆ ಏನಾಗುತ್ತದೆ? ನೂರಾರು ಎಳೆಗಳು ಒಟ್ಟಿಗೆ ಕಡಿದು ಬೀಳುತ್ತವೆ. ಎಂಜಿನ್ನಿನೊಳಗೂ ಇದೇ ವ್ಯವಹಾರ. ಕೆಳಗೆ ಪಿಸ್ಟನ್‌ಗಳನ್ನು ಏರಿಳಿಸುವ ಕ್ರ್ಯಾಂಕ್ ಶಾಫ್ಟು. ಮೇಲೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟು. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವೂ ನಿಮಿಷಕ್ಕೆ 1000 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವು ದಾರಿ ಬಿಟ್ಟಿರಬೇಕು. ಈ ಎರಡರ ನಡುವಿನ ತಾಳವನ್ನು ಹಿಡಿದಿರುವುದು ಒಳಮೈಯಲ್ಲಿ ಹಲ್ಲುಗಳಿರುವ ಒಂದು ರಬ್ಬರಿನ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್.

ಈ ಹಲ್ಲಿನ ಬೆಲ್ಟು ಹುಟ್ಟಿದ್ದು ಮೋಟಾರಿಗಾಗಿ ಅಲ್ಲ ಎಂಬುದು ಸ್ವಾರಸ್ಯದ ಸಂಗತಿ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ, ಮೇಲಿನ ಸೂಜಿಯೂ ಕೆಳಗಿನ ಬಾಬಿನ್ನೂ ಒಂದೇ ತಾಳದಲ್ಲಿ ನಡೆಯಲೆಂದು, ಅದನ್ನು ರೂಪಿಸಿದರು. ಕಾರಖಾನೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ಕಾರಿಗೆ ಅದನ್ನು ಮೊದಲು ಅಳವಡಿಸಿದವರು ಪಶ್ಚಿಮ ಜರ್ಮನಿಯ ಗ್ಲಾಸ್ ಎಂಬ ಕಂಪನಿಯವರು, 1962ರಲ್ಲಿ. ಹಗುರ, ಸದ್ದು ಕಡಿಮೆ, ಅಗ್ಗ. ಆದ್ದರಿಂದ ಜಗತ್ತಿನ ಕಂಪನಿಗಳೆಲ್ಲ ಕೈಹಾಕಿದವು. ಅದಕ್ಕೆ ಮುಂಚೆ ಬಳಕೆಯಲ್ಲಿದ್ದುದು ಹೆಚ್ಚಾಗಿ ಉಕ್ಕಿನ ಸರಪಳಿ. ನಮ್ಮ ಹಳೆಯ ಅಂಬಾಸಡರು, ಪ್ರೀಮಿಯರ್ ಪದ್ಮಿನಿಗಳಲ್ಲಿ ಇದ್ದುದೂ ಸರಪಳಿಯೇ. ಅದು ಹಳತಾದರೆ ಸಡಿಲವಾಗಿ ಗಲಗಲ ಎನ್ನುತ್ತಿತ್ತು. ಮೇಸ್ತ್ರಿ ಕಿವಿಗೊಟ್ಟು ಕೇಳಿ ಹೇಳುತ್ತಿದ್ದ. ಆ ಕಾಲದಲ್ಲಿ ಟ್ಯಾಕ್ಸಿ ಇಟ್ಟು ಹಣ ಮಾಡಿದ ಹಿರಿಯ ಮಾಲೀಕರು "ಸದ್ದಾಗಲಿ, ಆಮೇಲೆ ನೋಡೋಣ" ಎನ್ನುವುದು ಆ ಅಭ್ಯಾಸದಿಂದ. ಅವರ ತಿಳಿವಳಿಕೆ ಅಂಬಾಸಡರಿನಲ್ಲಿಯೇ ನಿಂತಿದೆ. ಅವರ ಗಾಡಿ ಮುಂದೆ ಬಂದಿದೆ.

ರಬ್ಬರಿನ ಬೆಲ್ಟು ಸದ್ದು ಮಾಡಿ ಹೇಳುವುದಿಲ್ಲ. ಗ್ರೈಂಡರಿನ ಬೆಲ್ಟಿನಂತೆ ಜಾರುವುದೂ ಇಲ್ಲ. ಇಂದು ಸಂಜೆ ಮಿಯಾಪುರದಲ್ಲಿ ಗಾಡಿ ನಿಲ್ಲಿಸಿದಾಗ ಎಂಜಿನ್ನು ಹೇಗಿತ್ತೋ ನಾಳೆ ಬೆಳಿಗ್ಗೆಯೂ ಹಾಗೆಯೇ ಇರುತ್ತದೆ; ಮಧ್ಯಾಹ್ನ ಒಂದು ಹಲ್ಲು ಕಿತ್ತುಬಂದು, ಅರೆಕ್ಷಣದಲ್ಲಿ ಎಲ್ಲ ಮುಗಿದಿರುತ್ತದೆ. ಕ್ಯಾಮ್ ಶಾಫ್ಟು ನಿಂತಲ್ಲೇ ನಿಲ್ಲುತ್ತದೆ, ಕೆಲವು ವಾಲ್ವುಗಳು ಬಾಯಿ ತೆರೆದೇ ಉಳಿಯುತ್ತವೆ, ಕೆಳಗಿನಿಂದ ಪಿಸ್ಟನ್ನುಗಳು ಬಂದು ಗುದ್ದುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲಿನ ಹೆಡ್ಡಿಗೂ ಅದಕ್ಕೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿನ ಆಸುಪಾಸು. ತಪ್ಪಿಸಿಕೊಳ್ಳಲು ಎಡೆ ಎಲ್ಲಿದೆ? ವಾಲ್ವುಗಳು ಬಾಗುತ್ತವೆ, ಗೈಡುಗಳು ಒಡೆಯುತ್ತವೆ, ಪಿಸ್ಟನ್ನಿನ ತಲೆಗೆ ಗುಳಿ ಬೀಳುತ್ತದೆ, ಕೆಲವೊಮ್ಮೆ ಕ್ಯಾಮ್ ಶಾಫ್ಟೇ ತುಂಡಾಗುತ್ತದೆ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಮಾತ್ರ ಎಡೆ ಹೆಚ್ಚಿರುವುದರಿಂದ ಬೆಲ್ಟ್ ಕಡಿದರೂ ಒಳಗೆ ಪೆಟ್ಟಾಗುವುದಿಲ್ಲ. ಗಾಡಿ ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಹೊರಡುತ್ತದೆ. ಅಂಥ ಒಂದು ಗಾಡಿಯನ್ನು ಕಂಡವರು ಎಲ್ಲ ಗಾಡಿಯೂ ಹಾಗೆಂದು ಸಾರುತ್ತ ತಿರುಗುತ್ತಾರೆ. ಇಂಥ ಪಂಡಿತರು ಪ್ರತಿಯೊಂದು ಚಹಾದ ಅಂಗಡಿಯ ಮುಂದೆಯೂ ಒಬ್ಬರಿರುತ್ತಾರೆ.

ಇನ್ನು ಬದಲಿಸುವುದು ಯಾವಾಗ? ಗಾಡಿಯ ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಎಂಜಿನ್ನಿಗೆ ತಕ್ಕಂತೆ ಸಾಮಾನ್ಯವಾಗಿ 60 ಸಾವಿರದಿಂದ 1 ಲಕ್ಷ 50 ಸಾವಿರ ಕಿಲೋಮೀಟರಿನ ನಡುವೆ ಎಲ್ಲಿಯಾದರೂ. ಕಿಲೋಮೀಟರು ಮುಟ್ಟದಿದ್ದರೂ ಇಷ್ಟು ವರ್ಷವಾದರೆ ಬದಲಿಸಿ ಎಂಬ ಸಾಲೂ ಅದೇ ಪುಟದಲ್ಲಿ ಇರುವುದುಂಟು, ಏಕೆಂದರೆ ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಐದಾರು ವರ್ಷ ಕಳೆದ ಬೆಲ್ಟಿನ ಮೇಲೆ ಭರವಸೆ ಇಡುವುದು ನಮ್ಮ ದೃಷ್ಟಿಯಲ್ಲಿ ಜೂಜು.

ಆದರೆ ಬಾಡಿಗೆ ಗಾಡಿಯ ಲೆಕ್ಕ ಮನೆಯ ಗಾಡಿಯ ಲೆಕ್ಕವಲ್ಲ. ದಿನಕ್ಕೆ 200 ಕಿಲೋಮೀಟರು, ತಿಂಗಳಿಗೆ 25 ದಿನ ಎಂದರೆ ತಿಂಗಳಿಗೆ 5 ಸಾವಿರ, ವರ್ಷಕ್ಕೆ 60 ಸಾವಿರ. ಮನೆಯವರು ಹತ್ತು ವರ್ಷದಲ್ಲಿ ಸವೆಸುವ ಬೆಲ್ಟನ್ನು ನಮ್ಮ ಚಾಲಕ ಒಂದೆರಡು ವರ್ಷದಲ್ಲಿ ಸವೆಸುತ್ತಾನೆ. ಅದೂ ಮೀಟರು ತೋರಿಸುವ ಲೆಕ್ಕ ಮಾತ್ರ. ಕೆ.ಪಿ.ಎಚ್.ಬಿ. ಕಾಲೊನಿಯ ಸಿಗ್ನಲ್ಲಿನಲ್ಲಿ ಬೇಸಿಗೆಯ ನಡುಹಗಲಿನಲ್ಲಿ ಎ.ಸಿ. ಹಾಕಿಕೊಂಡು ನಿಂತಾಗ, ಕಂಪನಿಯ ಗೇಟಿನ ಮುಂದೆ ಎಂಜಿನ್ ಆರಿಸದೆ ಅರ್ಧ ಗಂಟೆ ಕಾದಾಗ, ಮೀಟರು ಒಂದಂಗುಲವೂ ಮುಂದೆ ಹೋಗುವುದಿಲ್ಲ. ಬೆಲ್ಟು ಮಾತ್ರ ನಿಮಿಷಕ್ಕೆ ನೂರಾರು ಸಲ ಸುತ್ತುತ್ತಲೇ ಇರುತ್ತದೆ, ಕೆಂಡದಂಥ ಕಾವಿನಲ್ಲಿ. ಆದುದರಿಂದ ಪುಸ್ತಕದ ಅಂಕಿಯನ್ನು ಮೀರಿ ಓಡಿಸುವುದಿರಲಿ, ನಗರದ ಬಾಡಿಗೆ ಗಾಡಿಗೆ ಆ ಅಂಕಿ ಬರುವ ಮೊದಲೇ ಬದಲಿಸುವುದು ನ್ಯಾಯ. ಸೀಲು ಸೋರಿ ಎಣ್ಣೆ ಬೆಲ್ಟಿಗೆ ತಾಗಿದೆಯೆಂದರೆ ಯಾವ ಅಂಕಿಗೂ ಕಾಯಬಾರದು. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ನಿಮ್ಮ ಗಾಡಿಗೆ ಬೆಲ್ಟು ಇದೆಯೋ ಸರಪಳಿಯೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. 2005ರಿಂದ 2016ರ ವರೆಗೆ ನಮ್ಮ ಬಿಡದಿಯ ಕಾರಖಾನೆಯಿಂದ ಹೊರಬಂದ ಮೊದಲ ಪೀಳಿಗೆಯ ಡೀಸೆಲ್ ಇನೋವಾಗಳು ಬೆಲ್ಟಿನವು. ಅದಕ್ಕೆ ಮುಂಚಿನ ಕ್ವಾಲಿಸೂ ಹಾಗೆಯೇ. 2016ರ ಕ್ರಿಸ್ಟಾದಿಂದ ಈಚೆಗೆ ಸರಪಳಿ ಬಂತು. ಡೀಸೆಲ್ ಇಂಡಿಕಾ, ಡೀಸೆಲ್ ವೆರಿಟೊ, ಮಾರುತಿ 800, ಓಮ್ನಿ, ಹಳೆಯ ಸ್ಯಾಂಟ್ರೊ ಇವೆಲ್ಲ ಬೆಲ್ಟಿನವೇ. ಡಿಜೈರಿನ 1.3 ಡೀಸೆಲ್ಲಿಗೆ ಸರಪಳಿ.

ಹಳೆಯ ಇನೋವಾ ಹಿಡಿದವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಅದರ ಮೀಟರಿನಲ್ಲಿ ಬೆಲ್ಟಿನ ಅವಧಿ ಮುಗಿದಾಗ ಹತ್ತಿಕೊಳ್ಳುವ ಒಂದು ದೀಪವಿದೆ. ಆ ದೀಪಕ್ಕೆ ಬೆಲ್ಟು ಕಾಣುವುದಿಲ್ಲ. ಅದು ಕಿಲೋಮೀಟರು ಎಣಿಸಿ ಹತ್ತಿಕೊಳ್ಳುತ್ತದೆ. ಅದನ್ನು ಆರಿಸಲು ಬೆಲ್ಟನ್ನು ಬದಲಿಸಲೇಬೇಕೆಂದಿಲ್ಲ. ಉಪಾಯ ಬಲ್ಲವನು ಕುಳಿತಲ್ಲೇ ಆರಿಸುತ್ತಾನೆ. ಕೆಲವು ಮಾಲೀಕರು ಮಾಡುವ ರಿಪೇರಿ ಇದೊಂದೇ! ದೀಪ ಆರಿತು, ಚಾಲಕನಿಗೆ ಸಮಾಧಾನವಾಯಿತು, ಬೆಲ್ಟು ಅದೇ ಹಳೆಯದು. ಹೆಂಡತಿ ಮಕ್ಕಳಿರುವ ಒಬ್ಬ ಮನುಷ್ಯನನ್ನು ಸುಳ್ಳು ದೀಪದ ಮುಂದೆ ಕೂರಿಸಿ ಹೆದ್ದಾರಿಗೆ ಕಳಿಸುವುದಕ್ಕೆ ಏನೆಂದು ಹೆಸರಿಡಬೇಕು?

ಮಾಲೀಕರ ಉಳಿದ ವಾದಗಳನ್ನೂ ನೋಡಿಬಿಡೋಣ. "ಗಾಡಿಗೆ ಫಿಟ್‌ನೆಸ್ ಇದೆ." ಇದೆ. ಬಾಡಿಗೆ ಗಾಡಿಗೆ ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೊಮ್ಮೆ, ಆ ಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಬೇಕು. ಅಲ್ಲಿ ಬ್ರೇಕು, ದೀಪ, ಹೊಗೆ ನೋಡುತ್ತಾರೆ. ಎಂಜಿನ್ನಿನ ಮುಚ್ಚಳ ಬಿಚ್ಚಿ ಟೈಮಿಂಗ್ ಬೆಲ್ಟಿನ ವಯಸ್ಸು ಕೇಳುವುದಿಲ್ಲ. "ವಿಮೆ ಇದೆ." ಸಾಮಾನ್ಯ ಮೋಟಾರು ವಿಮೆ ಸವೆತಕ್ಕೂ ಯಂತ್ರ ತಾನಾಗಿ ಕೆಡುವುದಕ್ಕೂ ಹಣ ಕೊಡುವುದಿಲ್ಲವೆಂದು ಪಾಲಿಸಿಯಲ್ಲೇ ಅಚ್ಚಾಗಿದೆ. "ಮೇಸ್ತ್ರಿ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಎಂದ." ಬಿರುಕು, ಸವೆದ ಅಂಚು, ಎಣ್ಣೆಯ ಕಲೆ ಕಂಡರೆ ಬೆಲ್ಟು ಕೆಟ್ಟಿದೆ ಎನ್ನಬಹುದು; ಏನೂ ಕಾಣದಿದ್ದರೆ ಗಟ್ಟಿಯಾಗಿದೆ ಎನ್ನಲಾಗದು. ಇತ್ತೀಚಿನ ಬೆಲ್ಟುಗಳು ಒಳಗಿನ ಗಾಜಿನ ನಾರು ಸೋತಿದ್ದರೂ ಹೊರಗೆ ಹೊಸದರಂತೆ ತೋರುತ್ತವೆ. "ಬರೀ ಬೆಲ್ಟು ಹಾಕು, ಬೇರಿಂಗು ಹಳೆಯದೇ ಇರಲಿ." ಇದು ಎಲ್ಲಕ್ಕಿಂತ ದುಬಾರಿಯಾದ ಜಿಪುಣತನ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗು ಸಿಲುಕಿಕೊಂಡರೆ ಹೊಸ ಬೆಲ್ಟೂ ಕಡಿಯುತ್ತದೆ. ಬೆಲ್ಟು, ಟೆನ್ಷನರ್, ಐಡ್ಲರ್, ವಾಟರ್ ಪಂಪನ್ನೂ ಆ ಬೆಲ್ಟೇ ತಿರುಗಿಸುವ ಎಂಜಿನ್ನಾದರೆ ಪಂಪು, ಇವೆಲ್ಲ ಒಂದೇ ಸಲ ಆಗಬೇಕು. ಬಿಚ್ಚುವ ಕೂಲಿ ಹೇಗೂ ಒಂದೇ.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಸೇರಿಸುತ್ತೇವೆ. ಅವಧಿಗೆ ಎಷ್ಟೋ ಮೊದಲೇ ಹೆದರಿಸಿ ಬೆಲ್ಟು ಹಾಕುವ ಗ್ಯಾರೇಜುಗಳೂ ಇವೆ, ಹಾಕದೆಯೇ ಹಾಕಿದೆನೆಂದು ಬಿಲ್ಲು ಕೊಡುವವೂ ಇವೆ. ಮಾಲೀಕರ ಸಂಶಯಕ್ಕೆ ಅಷ್ಟರ ಮಟ್ಟಿಗೆ ಕಾರಣವುಂಟು. ಅದಕ್ಕೆ ಔಷಧ ಸುಲಭ: ಕೆಲಸ ನಡೆಯುವಾಗ ಎದುರಿಗೆ ನಿಲ್ಲಿರಿ, ಹಳೆಯ ಬೆಲ್ಟನ್ನೂ ಬೇರಿಂಗನ್ನೂ ಕೈಗೆ ಕೇಳಿ ಪಡೆಯಿರಿ, ಹೊಸದರ ಡಬ್ಬಿಯನ್ನು ಇಟ್ಟುಕೊಳ್ಳಿರಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಕಾಲದಲ್ಲಿ ಬದಲಿಸಿದರೆ ಖರ್ಚು ಕೆಲವು ಸಾವಿರ, ಕೆಲಸ ಒಂದು ದಿನ. ಕಡಿದ ಮೇಲಾದರೆ ಹೆಡ್ಡು ಇಳಿಸಬೇಕು, ವಾಲ್ವು ತರಬೇಕು, ಲೇತಿಗೆ ಕಳಿಸಬೇಕು. ಖರ್ಚು ಹತ್ತಾರು ಸಾವಿರ, ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ. ಒಬ್ಬ ಮನುಷ್ಯನೇ ಎರಡೂ ಲೆಕ್ಕವನ್ನು ಹೊರುವುದಾದರೆ ಯಾವ ಮೂರ್ಖನೂ ತಡಮಾಡುವುದಿಲ್ಲ. ಮಾಲೀಕರು ತಡಮಾಡುತ್ತಾರೆ, ಏಕೆಂದರೆ ತಡದಿಂದ ಉಳಿಯುವ ಹಣ ಅವರ ಜೇಬಿನಲ್ಲಿ ಉಳಿಯುತ್ತದೆ, ತಡದ ದಂಡ ಚಾಲಕನ ಜೇಬಿನಿಂದ ಹೋಗುತ್ತದೆ. ಗಾಡಿ ನಿಂತ ದಿನಗಳ ಕೂಲಿ ಅವನದು ಹೋಯಿತು. ಟೋ ಮಾಡಿಸಿದ ಹಣವನ್ನು ಅವನ ಲೆಕ್ಕಕ್ಕೆ ಬರೆದರು. ಸೇರುವಾಗ ಕೊಟ್ಟ ಠೇವಣಿಯಿಂದ ಹೆಡ್ಡಿನ ಖರ್ಚಿನ ಅರ್ಧ ಮುರಿದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಕಾನೂನು ಏನು ಹೇಳುತ್ತದೆ? ಸಂಬಳಕ್ಕೆ ದುಡಿಯುವವನಿಗೆ ವಹಿಸಿದ ವಸ್ತು ಕೆಟ್ಟಾಗ, ಅದು ನೇರವಾಗಿ ಅವನ ಅಲಕ್ಷ್ಯದಿಂದಲೇ ಕೆಟ್ಟಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ. 1936ರ ವೇತನ ಪಾವತಿ ಕಾಯಿದೆಯಲ್ಲಿ ಹೀಗಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಈ ತತ್ತ್ವ ಉಳಿದಿದೆ. ಅವಧಿ ಮೀರಿದ ಬೆಲ್ಟನ್ನು ಬದಲಿಸದೆ ಬಿಟ್ಟದ್ದು ಯಾರ ಅಲಕ್ಷ್ಯ? ಬದಲಿಸುವ ಅಧಿಕಾರವೂ ಹಣವೂ ಯಾರ ಕೈಯಲ್ಲಿದ್ದವೋ ಅವರದು. ಎಂಜಿನ್ನು ಕಾದು ಮುಳ್ಳು ಕೆಂಪಿಗೆ ಹೋದರೂ ನಿಲ್ಲಿಸದೆ ಓಡಿಸಿದ ಚಾಲಕನ ಪಕ್ಷವನ್ನು ನಾವು ವಹಿಸುವುದಿಲ್ಲ. ಆದರೆ ಕೇಳಿ ಕೇಳಿ ಸೋತವನ ಕೂಲಿಯನ್ನು ಕತ್ತರಿಸಲು ಯಾರಿಗೂ ಹಕ್ಕಿಲ್ಲ.

ಆದರೆ ನಮ್ಮವರಲ್ಲಿ ಬಹಳ ಜನ ಸಂಬಳದವರಲ್ಲ. ದಿನಕ್ಕಿಷ್ಟು ಎಂದು ಕೊಟ್ಟು ಗಾಡಿ ಹಿಡಿದವರು. ಅವರ ಹಿಂದೆ ಈ ಕಾಯಿದೆ ಬಂದು ನಿಲ್ಲುವುದು ಕಷ್ಟ. ಅವರಿಗಿರುವ ಬೇಲಿ ಒಂದು ತುಂಡು ಕಾಗದ. ಗಾಡಿ ಹಿಡಿಯುವ ದಿನವೇ ಬರೆಸಿಕೊಳ್ಳಿ: ಮೀಟರಿನಲ್ಲಿ ಇಂದು ಎಷ್ಟಿದೆ, ಬೆಲ್ಟು ಹಾಕಿದ್ದು ಯಾವಾಗ, ಎಷ್ಟು ಕಿಲೋಮೀಟರಿಗೆ, ಮುಂದಿನದು ಎಷ್ಟಕ್ಕೆ, ಹಾಕಿಸುವ ಖರ್ಚು ಮಾಲೀಕರದು, ಹಾಕಿಸದೆ ಕಡಿದರೆ ಗಾಡಿ ನಿಂತ ದಿನಗಳ ಬಾಡಿಗೆಯನ್ನು ಚಾಲಕ ಕೊಡತಕ್ಕದ್ದಲ್ಲ. ಬಿಲ್ಲು ತೋರಿಸಲಾಗದಿದ್ದರೆ ಬೆಲ್ಟು ಹಾಕಿಲ್ಲವೆಂದೇ ಎಣಿಸಬೇಕು; ಮೀಟರನ್ನು ಹಿಂದಕ್ಕೆ ತಿರುಗಿಸಿದ ಗಾಡಿಗಳು ಈ ಊರಿನಲ್ಲಿ ಇಲ್ಲವೆಂದು ಯಾರೂ ಆಣೆ ಮಾಡಲಾರರು. ಕನ್ನಡವೋ ತೆಲುಗೋ ಉರ್ದುವೋ, ಭಾಷೆ ಯಾವುದಾದರೂ ಇರಲಿ, ಕೆಳಗೆ ಮಾಲೀಕರ ಸಹಿ ಇರಲಿ. ಸಹಿ ಹಾಕದವರಿಗೆ ಆ ದಿನವೇ ಫೋನಿನಲ್ಲಿ ಸಂದೇಶ ಕಳಿಸಿ, "ಬೆಲ್ಟು ಹಾಕಿಸಬೇಕೆಂದು ಕೇಳಿದ್ದೇನೆ" ಎಂದು ತಾರೀಖಿನ ಸಮೇತ. ಒಬ್ಬನೇ ಕೇಳಿದರೆ ಕೀಲಿಕೈ ಇಡು ಎನ್ನುತ್ತಾರೆ. ಒಬ್ಬ ಮಾಲೀಕರ ಐದು ಗಾಡಿಗಳ ಐದು ಚಾಲಕರೂ ಅದೇ ಕಾಗದವನ್ನು ಕೇಳಿದರೆ, ಐದು ಗಾಡಿಯನ್ನು ಅವರೊಬ್ಬರೇ ಓಡಿಸಲಾರರು.

ಹೋಟೆಲಿನಲ್ಲಿ ದುಡಿದು, ಚೀಟಿ ಎತ್ತಿ, ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಈಗ ಒಂದೆರಡನ್ನು ಬಾಡಿಗೆಗೆ ಬಿಟ್ಟಿರುವ ನಮ್ಮ ಬಂಧುಗಳೂ ಇದ್ದಾರೆ. ಈ ಲೇಖನದ ಮೊದಲ ಸಾಲಿನ ಮಂತ್ರ ಅವರ ಬಾಯಿಗೂ ಬಂದುಬಿಟ್ಟಿದೆ ಎಂಬುದು ನಮಗೆ ಗೊತ್ತು. ನಿನ್ನೆ ಇವರೂ ಯಾರದೋ ಗಲ್ಲಾದ ಮುಂದೆ ಕೈಕಟ್ಟಿ ನಿಂತು ಸಂಬಳ ಕೇಳಿದವರೇ. ಗಾಡಿ ಕೊಳ್ಳುವಾಗಲೇ ಬೆಲ್ಟಿನ ಖರ್ಚನ್ನು ಬೆಲೆಯಲ್ಲಿ ಸೇರಿಸಿಕೊಂಡು, ಮೊದಲ ವಾರದಲ್ಲಿಯೇ ಹಾಕಿಸಿಬಿಡಲಿ. ಯುಗಾದಿಗೆ, ಊರ ಜಾತ್ರೆಗೆ ಏಳೆಂಟು ಜನರನ್ನು ತುಂಬಿಕೊಂಡು ಜಹೀರಾಬಾದಿನ ಮೇಲೆ ಬೀದರಕ್ಕೆ, ಹುಮನಾಬಾದಿಗೆ ಹೋಗುವುದೂ ಇದೇ ಗಾಡಿಗಳಲ್ಲಿಯೇ.

ಇಷ್ಟಾದರೂ ದಾರಿಯಲ್ಲಿ ಕಡಿದರೆ? ಎಂಜಿನ್ನು ಒಮ್ಮೆಲೇ ಸತ್ತು, ಸ್ಟೀರಿಂಗು ಕಲ್ಲಿನಂತೆ ಬಿಗಿಯುತ್ತದೆ. ಕೂಡಲೇ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿರಿ. ಗೇರಿನಲ್ಲಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ಒಳಗೆ ಇನ್ನಷ್ಟು ಗುದ್ದಿಸುತ್ತವೆ. ಬ್ರೇಕನ್ನು ಪದೇ ಪದೇ ತುಳಿಯಬೇಡಿ. ಸುಲಭವಾಗಿ ಹಿಡಿಯುವ ಶಕ್ತಿ ಒಂದೆರಡು ತುಳಿತಕ್ಕೆ ಮಾತ್ರ ಉಳಿದಿರುತ್ತದೆ. ಒಮ್ಮೆ ಒತ್ತಿ ಹಿಡಿದು, ಸ್ಟೀರಿಂಗನ್ನು ಎರಡು ಕೈಯಿಂದ ಎಳೆದು ಪಕ್ಕಕ್ಕೆ ತನ್ನಿರಿ, ಹಳದಿ ದೀಪ ಹಾಕಿರಿ, ಜನರನ್ನು ರಸ್ತೆಯ ಕಡೆಯಲ್ಲದ ಬಾಗಿಲಿನಿಂದ ಇಳಿಸಿರಿ. ಆಮೇಲೆ ಮತ್ತೊಮ್ಮೆ ಸ್ಟಾರ್ಟ್ ಮಾಡಿ ನೋಡುವ ಆಸೆ ಬರುತ್ತದೆ. ಬೇಡ. ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಉಳಿದ ವಾಲ್ವುಗಳೂ ಬಾಗುತ್ತವೆ. ಗ್ಯಾರೇಜಿಗೆ ಮುಟ್ಟಿದ ಮೇಲೆ, ಯಾರೂ ಏನನ್ನೂ ಬಿಚ್ಚುವ ಮೊದಲು, ಮೀಟರಿನ ಅಂಕಿಯ ಫೋಟೋ ತೆಗೆಯಿರಿ. ಮುಚ್ಚಳ ತೆಗೆದ ಕೂಡಲೇ ಕಡಿದ ಬೆಲ್ಟಿನ ಫೋಟೋ ತೆಗೆಯಿರಿ. ಬೆಲ್ಟಿನ ತುಂಡನ್ನು ಕಾಗದದಲ್ಲಿ ಸುತ್ತಿ ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳಿರಿ. "ನೀನು ಹೇಗೆ ಓಡಿಸಿದೆ?" ಎಂದು ಮಾಲೀಕರು ಕೇಳಿದಾಗ ಮೇಜಿನ ಮೇಲೆ ಇಡುವುದಕ್ಕೆ ಅದು ಬೇಕಾಗುತ್ತದೆ.